ನೀಲಗಂಗವ್ವನ ಮೂರು ಚುಕ್ಕಿ

ನಮ್ಮ ಊರಿನಲ್ಲಿ ಗೋಡೆಯ ಮೇಲೆ ಮೂರು ಚುಕ್ಕಿ ಸರಿಯಾಗಿ ಇಡಲು ಬರುವುದು ಒಬ್ಬಳಿಗೇ, ಅದು ನನಗೆ. ಜಂಬ ಅನ್ನಿಸಿದರೆ ಅನ್ನಿಸಲಿ. ಅಂಗಡಿ ಬೋರ್ಡು, ಶಾಲೆಯ ಗೋಡೆ, ಲಾರಿಯ ಹಿಂಭಾಗ ಬರೆಯುವವರು ಊರಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅಕ್ಷರವನ್ನು ಕೈ ಪಳಗಿದ ಯಾರಾದರೂ ಬರೆದಾರು, ಚುಕ್ಕಿಯ ಕೆಲಸವೇ ಬೇರೆ. ಅಪ್ಪ ತನ್ನ ಕೈ ನಡುಗಲು ಶುರುವಾದ ದಿನ ಸಣ್ಣ ಬ್ರಷ್ಷನ್ನು ತೊಳೆದು ಒರೆಸಿ ನನ್ನ ಕೈಗಿಟ್ಟು, "ಇನ್ನ ನೀನ, ದಾಕ್ಷಾಯಣಿ" ಅಂದವನು ಮತ್ತೆ ಗೋಡೆಯ ಹತ್ತಿರ ಸುಳಿಯಲಿಲ್ಲ. ಆಗ ನನಗೆ ಇಪ್ಪತ್ನಾಲ್ಕು ವರ್ಷ.

ಹೇಳಬೇಕಾದ ಮಾತು ಉದ್ದವಾಗಿ, ಬರೆಯಲು ಜಾಗ ಸಾಲದೆ, ನಡುವಿನದನ್ನು ಬಿಟ್ಟು ಅಲ್ಲಿ ಮೂರು ಚುಕ್ಕಿ ಇಡುತ್ತಾರಲ್ಲ, ನಮ್ಮ ಊರಿನಲ್ಲಿ ಆ ಚುಕ್ಕಿಗೆ ಕಿವಿ ಹಚ್ಚಿದರೆ ಬಿಟ್ಟ ಮಾತು ಕೇಳುತ್ತದೆ. ಆಡಿದವರ ದನಿಯಲ್ಲೇ ಕೇಳುತ್ತದೆ. ಹೊರಗಿನಿಂದ ಬಂದವರು ಕಿವಿ ಹಚ್ಚಿ ಬೆಚ್ಚಿ ಹಿಂದೆ ಸರಿದಾಗ ನಮಗೆ ನಗು ಬರುತ್ತದೆ. ನಮಗಂತೂ ಇದು ನಲ್ಲಿ ತಿರುಗಿಸಿದರೆ ನೀರು ಬಂದಷ್ಟೇ ಸಹಜ. ಮದುವೆ ಕಾರ್ಡಿನ ಚುಕ್ಕಿಗೆ ಕಿವಿ ಕೊಟ್ಟು, ಯಾವ ಬೀಗರ ಹೆಸರನ್ನು ಒಳಗೆ ತಳ್ಳಿದ್ದಾರೆ ಎಂದು ಬೆರಳು ಮಡಚಿ ಎಣಿಸುವ ಹೆಂಗಸರು ಮನೆಗೊಬ್ಬರಿದ್ದಾರೆ. ಚುನಾವಣೆ ಬಂದರೆ ಯಾವ ಪಕ್ಷದವನೂ ನನ್ನ ಹತ್ತಿರ ಚುಕ್ಕಿ ಕೇಳುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗರು ಮಾತ್ರ ಪ್ರೇಮಪತ್ರದ ಸಾಲುಸಾಲಿಗೂ ಚುಕ್ಕಿ ಸುರಿಯುತ್ತಾರೆ. ಹುಡುಗಿ ಆಸೆಯಿಂದ ಕಿವಿ ಹಚ್ಚಿದರೆ ಬರೀ ಉಸಿರು ಕೇಳುತ್ತದೆ, ಹೇಳಲು ಏನೂ ಇಲ್ಲದವನ ಉಸಿರು. ಎಷ್ಟೋ ಪ್ರೇಮಗಳು ನಮ್ಮ ಊರಿನಲ್ಲಿ ಅಲ್ಲಿಗೇ ಮುಗಿದಿವೆ.

ಅಪ್ಪ ಕಲಿಸಿದ್ದು ಇಷ್ಟೇ. ಚುಕ್ಕಿ ಮೂರೇ ಇರಬೇಕು, ಒಂದೇ ಗಾತ್ರ ಇರಬೇಕು, ನಡುವಿನ ಜಾಗವೂ ಒಂದೇ ಇರಬೇಕು. ಎರಡಿಟ್ಟರೆ ಮೂಕ, ಐದಿಟ್ಟರೆ ತೊದಲು. ವಾಕ್ಯ ಮುಗಿದ ಮೇಲಿನದನ್ನು ಬಿಡುವುದಾದರೆ ಮೊದಲು ವಾಕ್ಯದ ಚುಕ್ಕಿ, ಆಮೇಲೆ ಈ ಮೂರು, ಒಟ್ಟು ನಾಲ್ಕು. ಮಾತನ್ನು ಬಿಡಬಹುದು, ಆಡದ ಮಾತನ್ನು ಸೇರಿಸಬಾರದು. ಸಾಲನ್ನೂ ಚುಕ್ಕಿಯನ್ನೂ ಸೇರಿಸಿ ಕೇಳಿದರೆ ಮೊದಲಿನ ಅರ್ಥವೇ ಬರಬೇಕು. ಚುಕ್ಕಿ ಇಡದೆ ಕತ್ತರಿಸಿದರೆ, ಬಣ್ಣ ಹಸಿಯಾಗಿರುವ ತನಕ ಆ ಮಾತು ಕಾಯುತ್ತದೆ. ಬಣ್ಣ ಆರಿದ ಮೇಲೆ ಆ ಮಾತು ಎಲ್ಲೂ ಇರುವುದಿಲ್ಲ.

ಊರಿನ ನಡುವೆ ಮೆಟ್ಟಿಲುಬಾವಿ ಇದೆ. ಅದರ ಮೇಲಿನ ಕಟ್ಟೆಗೆ ಹೊಂದಿಕೊಂಡು ಇಪ್ಪತ್ನಾಲ್ಕು ಅಡಿ ಉದ್ದದ ಬಿಳಿ ಗೋಡೆ. ವರ್ಷಕ್ಕೊಬ್ಬರನ್ನು ಊರು ಆರಿಸುತ್ತದೆ, ಅವರ ಬಾಳಿನ ಕೆಲಸದ ಬಗ್ಗೆ ಅವರದೇ ಮಾತಿನಲ್ಲಿ ಒಂದು ಸಾಲು ಅಲ್ಲಿ ಬರೆಯಲಾಗುತ್ತದೆ. ಆರಿಸಲ್ಪಟ್ಟವರು ಒಬ್ಬರೇ ನಮ್ಮ ಮನೆಗೆ ಬಂದು ಹೇಳಬೇಕು, ನಾನೊಬ್ಬಳೇ ಕೇಳಬೇಕು, ಗೋಡೆಗೆ ಎಷ್ಟು ಹಿಡಿಯುತ್ತದೋ ಅಷ್ಟನ್ನು ಬರೆದು ಉಳಿದದ್ದಕ್ಕೆ ಚುಕ್ಕಿ ಇಡಬೇಕು. ಒಮ್ಮೆ ಬರೆದ ಸಾಲಿಗೆ ಮತ್ತೆ ಕೈ ಹಚ್ಚುವಂತಿಲ್ಲ. ಅಪ್ಪನವು ಮೂವತ್ತೆಂಟು ಸಾಲು, ನನ್ನವು ಇಪ್ಪತ್ತೆರಡು. ಅರವತ್ತು ಸಾಲಿನಲ್ಲಿ ಒಂದು ಗೀರಿರಲಿಲ್ಲ, ಒಂದು ತೇಪೆ ಇರಲಿಲ್ಲ. ಬೀದಿಯಲ್ಲಿ ನಾನು ತಲೆಯೆತ್ತಿ ನಡೆಯುತ್ತಿದ್ದದ್ದು ಅದರ ಬಲದಿಂದ.

ಅರವತ್ತೊಂದನೆಯ ಸಾಲು ನೀಲಗಂಗವ್ವನದು ಎಂದು ಗೊತ್ತಾದಾಗ ನನಗೆ ನನ್ನ ಹೆಸರೇ ಬಂದಷ್ಟು ಖುಷಿಯಾಯಿತು. ಮಳೆಗಾಲದಲ್ಲಿ ನಮ್ಮ ಊರಿನ ಹಳ್ಳ ಬೀದಿಗಳಲ್ಲೇ ಹರಿಯುವುದರಿಂದ ಈಜು ಬಾರದ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವುದಿಲ್ಲ. ಆ ಈಜನ್ನು ಮೂವತ್ತೊಂಬತ್ತು ವರ್ಷದಿಂದ ಕಲಿಸುತ್ತಿರುವವಳು ನೀಲಗಂಗವ್ವ. ಅರವತ್ತೆಂಟರ ಈ ವಯಸ್ಸಿನಲ್ಲೂ ಕಚ್ಚೆ ಹಾಕಿ ಬಾವಿಗಿಳಿದರೆ ಮೀನೇ. ಮೊದಲ ವರ್ಷ ಅವಳ ಕೈಗೆ ಸಿಕ್ಕ ಮಕ್ಕಳಲ್ಲಿ ನಾನೂ ಒಬ್ಬಳು. ಎಂಟು ವರ್ಷದ ನಾನು ಮೆಟ್ಟಿಲು ತಬ್ಬಿಕೊಂಡು ಊರು ಕೇಳುವಂತೆ ಅಳುತ್ತಿದ್ದೆನಂತೆ, ಅವಳು ಎತ್ತಿ ಒಗೆದಳಂತೆ. ಈಗ ಅದನ್ನು ಇಬ್ಬರೂ ನೆನೆಸಿ ನಗುತ್ತೇವೆ. ಅವಳ ಎಚ್ಚರಿಕೆ ಊರಿಗೇ ಗೊತ್ತು. ಈಜು ಕಲಿಯುವ ಮಗುವನ್ನು ತೇಲಿಸಲು ಬೆನ್ನಿಗೆ ಹಗುರವಾದ ಬೆಂಡು ಕಟ್ಟುತ್ತಾರೆ. ಈ ಹತ್ತೊಂಬತ್ತು ವರ್ಷದಿಂದ, ಮನೆಯಿಂದ ಯಾರೇ ಕಟ್ಟಿ ಕಳಿಸಿರಲಿ, ಅವಳು "ಬೆಂಡು ಯಾರು ಕಟ್ಟಿದ್ದು?" ಎಂದು ಕೇಳಿ, ಬಿಚ್ಚಿ, ತಾನೇ ಮತ್ತೆ ಕಟ್ಟಿ, ಗಂಟನ್ನು ಮೂರು ಸಲ ಜಗ್ಗಿ ನೋಡಿಯೇ ನೀರಿಗಿಳಿಸುವುದು. ಎಂಥ ಜವಾಬ್ದಾರಿ ಎಂದು ನಾವೆಲ್ಲ ಹೊಗಳುತ್ತಿದ್ದೆವು.

ಅವಳು ನಮ್ಮ ಮನೆಗೆ ಬಂದದ್ದು ಒಂದು ಮಧ್ಯಾಹ್ನ. ಚಹಾ ಕೊಟ್ಟರೆ ಮುಟ್ಟಲಿಲ್ಲ. ಚಾಪೆಯ ಮೇಲೆ ನೆಟ್ಟಗೆ ಕೂತು, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೈ ಕಟ್ಟಿಕೊಂಡಳು.

"ಬರಕೋ, ದಾಕ್ಷವ್ವ. ನಾ ನೀರಿಗೆ ಇಳಿಸಿದ ಮಕ್ಕಳೆಲ್ಲ," ಎಂದು ಶುರು ಮಾಡಿ, ಕಟ್ಟಿದ ಕೈ ಬಿಚ್ಚಿ ಚಾಪೆಗೆ ಊರಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಕಾಶವ್ವನ ಮಗ ಮಲ್ಲೇಶಿ ಒಬ್ಬನ್ನ ಬಿಟ್ಟು, ಅವನ ಬೆಂಡು ಅವರವ್ವ ಕಟ್ಟಿದ್ದಲ್ಲ, ಆಕಿ ಕಟ್ಟಿದ್ದು ಬಾಳ ಬಿಗಿ ಆಗೇತಂತ ಬಿಚ್ಚಿ ನಾನ ಮತ್ತ ಕಟ್ಟಿದ್ದೆ, ಅವಸರದಾಗ ಕಟ್ಟಿದ್ದೆ, ಸಡಲ ಗಂಟು ನಂದು, ಆಕಿದಲ್ಲ, ಇದನ್ನ ಹತ್ತೊಂಬತ್ತು ವರ್ಷ ನಾ ಯಾರ ಮುಂದೂ ಅಂದಿಲ್ಲ, ಈಜಿ ದಂಡಿ ಮುಟ್ಟ್ಯಾರ."

ನನ್ನ ಕೈಯಲ್ಲಿದ್ದ ಸೀಸದಕಡ್ಡಿ ಅಲ್ಲೇ ನಿಂತಿತು. ಮಲ್ಲೇಶಿಯ ಸಾವು ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಆರು ವರ್ಷದ ಮಗು. ಬೆಂಡು ಬಿಚ್ಚಿ ತೇಲಿ ಹೋಗಿ, ಉಳಿದ ನಾಲ್ಕು ಮಕ್ಕಳ ಗದ್ದಲದಲ್ಲಿ ಕಾಣದೆ ಮುಳುಗಿದ್ದ. ಹೆಣವನ್ನು ಮೆಟ್ಟಿಲ ಮೇಲೆ ಮಲಗಿಸಿದಾಗ ಗುಂಪಿನಲ್ಲಿ ಯಾರೋ "ಬೆಂಡು ಯಾರು ಕಟ್ಟಿದ್ದು?" ಎಂದು ಕೇಳಿದರು. ಕಾಶವ್ವ ಎದೆ ಬಡಿದುಕೊಳ್ಳುತ್ತ "ನಾನ, ನಾನ ಕಟ್ಟಿ ಕಳಿಸಿದ್ದೆ" ಅಂದಳು. ಊರಿಗೆ ಅಷ್ಟೇ ಸಾಕಾಯಿತು. ಹಿಟ್ಟಿನ ಗಿರಣಿಯ ರಾಚಪ್ಪ, ಕಾಶವ್ವನ ಗಂಡ, ಹೆಂಡತಿಗೆ ಒಂದು ಮಾತು ಬಯ್ಯಲಿಲ್ಲ. ಆದರೆ ಅಂದಿನಿಂದ ಮನೆಯಲ್ಲಿ ಒಂದು ಗಂಟನ್ನೂ ಅವಳ ಕೈಗೆ ಬಿಡಲಿಲ್ಲ. ಹಿಟ್ಟಿನ ಚೀಲದ ಬಾಯಿ, ಬಾವಿಯ ಹಗ್ಗ, ಎಮ್ಮೆಯ ಕಣ್ಣಿ, ಕಡೆಗೆ ಊಟದ ಬುತ್ತಿ ಕೂಡ ಅವನೇ ಕಟ್ಟುತ್ತಿದ್ದ. ಅವಳು ಪಕ್ಕದಲ್ಲಿ ಕೈ ಬಿಟ್ಟುಕೊಂಡು ನಿಂತಿರುತ್ತಿದ್ದಳು. ಗಿರಣಿಗೆ ಜೋಳ ಒಯ್ದಾಗಲೆಲ್ಲ ನಾನೇ ನೋಡಿದ್ದೇನೆ.

"ಅತ್ತಿ, ಇದನ್ನ ಕಾಶವ್ವಗ ಹೇಳಬೇಕಿತ್ತಲ್ಲ" ಅಂದೆ.

"ಎಷ್ಟು ಸಲ ಆಕಿ ಬಾಗಿಲ ತನಕ ಹೋಗಿ ತಿರುಗಿ ಬಂದೇನಿ. ಬಾಯಿ ಬರಲಿಲ್ಲ. ಗ್ವಾಡಿ ಮ್ಯಾಲ ಜಾಗಾ ಇರೂದಿಲ್ಲ, ನನಗೂ ಗೊತ್ತೈತಿ. ನೀ ಚುಕ್ಕಿ ಇಡು" ಎಂದು ಎದ್ದು ಹೋದಳು.

ಇಲ್ಲಿಂದ ಮುಂದಿನದು ನನ್ನ ತಪ್ಪಿನ ಕಥೆ. ಅದನ್ನೂ ನಾನೇ ಹೇಳಬೇಕು. ಎರಡು ದಿನ ನನಗೆ ಅನ್ನ ರುಚಿಸಲಿಲ್ಲ. ನನ್ನನ್ನು ನೀರಿಗೆ ಒಗೆದು ಬದುಕಲು ಕಲಿಸಿದವಳ ಹೆಸರಿಗೆ, ಅವಳ ಸನ್ಮಾನದ ದಿನವೇ, ನನ್ನ ಕೈಯಿಂದಲೇ ಮಸಿ ಬಳಿಯುವುದೇ? ಪುರಸಭೆ ಅಧ್ಯಕ್ಷ ಮುರಿಗೆಪ್ಪನವರು ಬೇರೆ ಬಂದು, ಸುತ್ತಲ ಊರಿನವರನ್ನೆಲ್ಲ ಕರೆದಿದ್ದೇವೆ, ಸಾಲಿನ ಕೊನೆಗೆ "ಊರಿನ ಹೆಮ್ಮೆ" ಎಂದು ಬರೆಯಿರಿ ಎಂದು ಹೇಳಿ ಹೋಗಿದ್ದರು. ಹತ್ತೊಂಬತ್ತು ವರ್ಷ ಕಳೆದಿದೆ, ಕಾಶವ್ವನಿಗೂ ರೂಢಿಯಾಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಥ ಮಾತು ನನ್ನ ಮನಸ್ಸಿಗೆ ಬಂತಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಸಾಲಿನ ಮೇಲಿನ ಬಟ್ಟೆ ಸರಿಸುವ ಕಾರ್ಯಕ್ರಮದ ಹಿಂದಿನ ಸಂಜೆ ದಾರಕ್ಕೆ ಸುಣ್ಣ ಹಚ್ಚಿ ಗೆರೆ ಹೊಡೆದು, ಕಡುನೀಲಿ ಬಣ್ಣದಲ್ಲಿ ಬರೆದೆ: "ನಾನು ನೀರಿಗೆ ಇಳಿಸಿದ ಮಕ್ಕಳೆಲ್ಲ ಈಜಿ ದಂಡಿ ಮುಟ್ಟಿದ್ದಾರೆ. ಊರಿನ ಹೆಮ್ಮೆ." ಚುಕ್ಕಿ ಇಡಲಿಲ್ಲ. ಅಕ್ಷರಗಳು ಮಾತ್ರ ಸಾಲಾಗಿ ನಿಂತ ಮದುಮಕ್ಕಳ ಹಾಗೆ ಇದ್ದವು, ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಮೇಲೆ ಬಟ್ಟೆ ಇಳಿಬಿಟ್ಟು ಮನೆಗೆ ಬಂದೆ.

ಬೆಳಿಗ್ಗೆ ಬಿಸಿಲು ಹತ್ತುವ ಮೊದಲೇ, ಬಣ್ಣ ಎಷ್ಟು ಆರಿದೆ ನೋಡೋಣ ಎಂದು ಹೋದರೆ ನೀಲಗಂಗವ್ವ ಆಗಲೇ ಅಲ್ಲಿದ್ದಳು. ಬಟ್ಟೆ ಎತ್ತಿ ಹಿಡಿದು, ಗೋಡೆಗೆ ಕಿವಿ ಹಚ್ಚಿ, ಸಾಲಿನ ಉದ್ದಕ್ಕೂ ಒಂದೊಂದೇ ಹೆಜ್ಜೆ ಸರಿಯುತ್ತಿದ್ದಳು. ಕೊನೆಯ ಅಕ್ಷರದ ತನಕ ಹೋಗಿ ಮತ್ತೆ ಮೊದಲಿಗೆ ಬಂದಳು. ಅವಳ ಕಿವಿಗೆ ನೀಲಿ ಹತ್ತಿತ್ತು.

"ನನ್ನ ಮಾತು ಎಲ್ಲಿ ಇಟ್ಟೀ, ದಾಕ್ಷವ್ವ?"

"ಜಾಗಾ ಸಾಲಲಿಲ್ಲ, ಅತ್ತಿ."

"ಜಾಗಾ ಸಾಲದ್ದಕ್ಕನ ಚುಕ್ಕಿ ಇರೂದು. ಊರಿನ ಹೆಮ್ಮೆ ಅಂತ ಬರದೀಯಲ್ಲ, ನಾ ಅನ್ನದ ಮಾತು, ಅದಕ್ಕ ಹೆಂಗ ಜಾಗಾ ಸಿಕ್ಕಿತು?"

ನಾನು ತಲೆ ತಗ್ಗಿಸಿದೆ. "ನಿಮ್ಮ ಹೆಸರು ಕೆಡಬಾರದು ಅಂತ ಮಾಡಿದೆ."

"ಕೆಟ್ಟರ ನನ್ನ ಹೆಸರು ಕೆಡತೈತಿ. ಹತ್ತೊಂಬತ್ತು ವರ್ಷದಿಂದ ಆಕಿ ಹೆಸರು ಕೆಟ್ಟು ಕುಂತೈತಿ, ಅದನ್ನ ಯಾರು ನೋಡಬೇಕು?" ಅವಳ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಜನ್ಮದಾಗ ಒಂದ ಸಲ ಧೈರ್ಯ ಮಾಡಿದೆ, ತಂಗಿ. ನಿನ್ನ ಚುಕ್ಕಿ ನಂಬಿ ಬಾಯಿ ತೆಗದೆ. ಮತ್ತ ಆ ಧೈರ್ಯ ನನಗ ಬರೂದಿಲ್ಲ."

ಬೆರಳಿನಿಂದ ಬಣ್ಣ ಮುಟ್ಟಿದೆ. ಇನ್ನೂ ಅಂಟುತ್ತಿತ್ತು. ಬಿಸಿಲು ಎದುರಿನ ಮಾಳಿಗೆ ಇಳಿದು ಗೋಡೆಗೆ ಬಂದರೆ ಗಂಟೆಯೊಳಗೆ ಆರಿಬಿಡುತ್ತದೆ, ಆಮೇಲೆ ಅವಳ ಮಾತು ಎಲ್ಲೂ ಇಲ್ಲ. ಅಪ್ಪನ ಮೂವತ್ತೆಂಟು ಸಾಲುಗಳನ್ನು ಒಮ್ಮೆ ನೋಡಿದೆ. ಅವಕ್ಕೆ ಒಂದು ಗೀರು ತಾಗಿಸದೆ ಇಷ್ಟು ವರ್ಷ ಕಾದವಳು ನಾನು, ಈ ಗೋಡೆಗೆ ಬ್ಲೇಡು ಹಚ್ಚುವ ಮೊದಲ ಕೈ ನನ್ನದೇ ಆಗಬೇಕೇ? ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಆದರೂ ಹೆಗಲ ಚೀಲದಿಂದ ಬ್ಲೇಡು, ಬ್ರಷ್ಷು ತೆಗೆದೆ.

"ಮಕ್ಕಳೆಲ್ಲ" ಎಂಬುದರ ಮುಂದಿನದನ್ನೆಲ್ಲ ಕೆರೆಯತೊಡಗಿದೆ. ಹಸಿ ಬಣ್ಣ ಸುಲಭವಾಗಿ ಬರುತ್ತದೆ ಎಂದುಕೊಂಡರೆ, ಅದು ಸುಣ್ಣದೊಳಗೆ ಇಳಿದು ಕೂತಿತ್ತು. ಟರ್ಪೆಂಟೈನ್ ಹಚ್ಚಿ ಉಜ್ಜಿದರೆ ನೀಲಿ ಮೋಡದಂಥ ಕಲೆ ಉಳಿಯಿತು, ಬ್ಲೇಡು ಜಾರಿ ಮೊಳದುದ್ದ ಗೀರು ಬಿತ್ತು. ಅಷ್ಟರಲ್ಲಿ ಹಾರದ ಬುಟ್ಟಿ ಹೊರಿಸಿಕೊಂಡು ಅಧ್ಯಕ್ಷ ಮುರಿಗೆಪ್ಪನವರು ಬಂದರು.

"ದಾಕ್ಷವ್ವಾರ, ಏನ ಮಾಡಾಕತ್ತೀರಿ? ಗ್ವಾಡಿಗೆ ಬ್ಲೇಡು ಹಚ್ಚತಾರೇನ್ರಿ?"

"ತಪ್ಪು ಬರದಿದ್ದೆರಿ, ತಿದ್ದಾಕತ್ತೇನಿ."

"ಹೊರಗಿನ ಮಂದಿ ಬರೂ ಹೊತ್ತಿಗೆ! ಆ ಕಲೆ ನೋಡಿ ಏನಂದಾರು?"

"ಪೇಂಟರ್ ತಪ್ಪು ಮಾಡಿದ್ದಳು ಅಂದಾರು. ಖರೇನ ಐತಲ್ರಿ."

ಅವರು ನೀಲಗಂಗವ್ವನ ಕಡೆ ತಿರುಗಿದರು. ಅವಳು ತನ್ನ ಕಿವಿಯ ನೀಲಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, "ನನ್ನ ಸಾಲು, ಸಾಹೇಬ್ರ. ಆಕಿ ಬರೀಲಿ ಬಿಡ್ರಿ" ಅಂದಳು. ಮೂವತ್ತೈದು ವರ್ಷದ ಹಿಂದೆ ಮುರಿಗೆಪ್ಪನವರನ್ನೂ ಅವಳೇ ಚಡ್ಡಿ ಹಿಡಿದು ನೀರಿನಿಂದ ಮೇಲೆತ್ತಿದ್ದಳು. ಅವರು ಬುಟ್ಟಿಯನ್ನು ಕಟ್ಟೆಯ ಮೇಲೆ ಇಳಿಸಲು ಹೇಳಿ ಪಕ್ಕಕ್ಕೆ ಸರಿದರು.

"ಈಜಿ ದಂಡಿ ಮುಟ್ಟಿದ್ದಾರೆ" ಎಂಬುದನ್ನು "ಊರಿನ ಹೆಮ್ಮೆ" ಹೋದ ಜಾಗದಷ್ಟು ಮುಂದಕ್ಕೆ ಸರಿಸಿ ಮತ್ತೆ ಬರೆದೆ, ಚುಕ್ಕಿಗೆ ಬೇಕಾದ ಜಾಗ ಸಿಕ್ಕಿತು. ಉಸಿರು ಹಿಡಿದು ಒಂದು, ಎರಡು, ಮೂರು ಇಟ್ಟೆ. "ನಾನು ನೀರಿಗೆ ಇಳಿಸಿದ ಮಕ್ಕಳೆಲ್ಲ … ಈಜಿ ದಂಡಿ ಮುಟ್ಟಿದ್ದಾರೆ." ಕಿವಿ ಹಚ್ಚಿ ನೋಡಿದೆ. ಚಾಪೆಯ ಮೇಲೆ ಕೂತು ಅವಳು ಆಡಿದ ಒಂದೊಂದು ಮಾತೂ ಅಲ್ಲಿತ್ತು, ಅದೇ ಉಸಿರಿನೊಂದಿಗೆ.

ಇನ್ನು ಕಾಶವ್ವ ಬರಬೇಕು. ಹತ್ತೊಂಬತ್ತು ವರ್ಷದಿಂದ ಬಾವಿಯ ಬೀದಿಗೇ ಕಾಲಿಡದವಳು ತಾನಾಗಿ ಬರುತ್ತಾಳೆಯೇ? ಬಣ್ಣದ ಕೈಯಲ್ಲೇ ಗಿರಣಿಗೆ ಓಡಿದೆ. ರಾಚಪ್ಪ ಚೀಲದ ಬಾಯಿ ಕಟ್ಟುತ್ತಿದ್ದ, ಅವಳು ಕಸ ಗುಡಿಸುತ್ತಿದ್ದಳು.

"ಕಾಶಕ್ಕ, ಬಾವಿ ತನಕ ಬರ್ರಿ."

"ನಾ ಒಲ್ಲೆವ್ವಾ. ನನ್ನ ಯಾಕ ಕರೀತಿ ಅಲ್ಲಿಗೆ?"

"ಗ್ವಾಡಿ ಮ್ಯಾಲ ಮೂರು ಚುಕ್ಕಿ ಇಟ್ಟೇನಿ. ಅದರಾಗ ಇರೂ ಮಾತು ನಿಮಗ ಸೇರಿದ್ದು. ನೀವ ಮೊದಲ ಕೇಳಬೇಕು."

ಅವಳು ಗಂಡನ ಮುಖ ನೋಡಿದಳು. ಕಸಬರಿಗೆ ಗೋಡೆಗೆ ಒರಗಿಸಿ ನನ್ನ ಹಿಂದೆ ಹೊರಟಳು. ರಾಚಪ್ಪ ಗಿರಣಿ ನಿಲ್ಲಿಸಿ ಹತ್ತು ಹೆಜ್ಜೆ ಹಿಂದೆ ಬಂದ.

ಕಟ್ಟೆಯ ಮೇಲೆ ಜನ ತುಂಬಿದ್ದರು. ಕಾಶವ್ವನನ್ನು ಕಂಡದ್ದೇ ದಾರಿ ಬಿಟ್ಟರು. ಬಟ್ಟೆ ಸರಿಸಿದಾಗ ಎಲ್ಲರ ಕಣ್ಣೂ ಮೊದಲು ಬಿದ್ದದ್ದು ಆ ಕಲೆ, ಆ ಗೀರಿನ ಮೇಲೆ. ಗುಸುಗುಸು ಶುರುವಾಯಿತು. ಕಾಶವ್ವ ಯಾವುದನ್ನೂ ನೋಡದೆ ನೇರವಾಗಿ ಹೋಗಿ ಚುಕ್ಕಿಗೆ ಕಿವಿ ಹಚ್ಚಿದಳು. ನೀಲಗಂಗವ್ವ ಬಾವಿಯ ಮೊದಲ ಮೆಟ್ಟಿಲ ಮೇಲೆ, ಬೆನ್ನು ತಿರುಗಿಸದೆ, ಅವಳನ್ನೇ ನೋಡುತ್ತ ನಿಂತಿದ್ದಳು. ಓಡಿ ಹೋಗುವವಳಲ್ಲ ಅವಳು. ಆ ಹೊತ್ತಿನಲ್ಲಿ ಅವಳ ನಿಲುವು ನೋಡಿ ನನ್ನ ಎದೆ ತುಂಬಿತು. ಮೂವತ್ತೊಂಬತ್ತು ವರ್ಷ ಈಜು ಕಲಿಸಿದ್ದಕ್ಕಿಂತ ಹಾಗೆ ನಿಲ್ಲುವುದು ಅವಳಿಗೆ ಕಷ್ಟದ್ದು.

ಕಾಶವ್ವ ಕೇಳಿದಳು. ತಲೆ ಎತ್ತಿ, ಮತ್ತೆ ಕಿವಿ ಹಚ್ಚಿ ಎರಡನೆಯ ಸಲ ಕೇಳಿದಳು. ಆಮೇಲೆ ಗೋಡೆಯಿಂದ ಸರಿದು ಗಂಡನನ್ನು ಕರೆದಳು. "ಬರ್ರಿ ಇಲ್ಲಿ. ನೀವೂ ಕೇಳ್ರಿ."

ರಾಚಪ್ಪ ತಲೆಯ ರುಮಾಲು ತೆಗೆದು ಬಗಲಲ್ಲಿ ಇಟ್ಟುಕೊಂಡು ಬಗ್ಗಿದ. ಅವನು ಎಷ್ಟು ಹೊತ್ತು ಹಾಗೇ ನಿಂತನೋ ನನಗೆ ಗೊತ್ತಿಲ್ಲ. ಕಡೆಗೆ ತಿರುಗಿದಾಗ ಅವನ ಹಿಟ್ಟು ಮೆತ್ತಿದ ಕಿವಿಯ ಮೇಲೂ ನೀಲಿ ಹತ್ತಿತ್ತು. ಹೆಂಡತಿಯ ಎರಡೂ ಕೈ ಹಿಡಿದುಕೊಂಡ, ಅಷ್ಟೂ ಜನರ ಎದುರಿಗೆ. ನಮ್ಮ ಕಡೆಯ ಗಂಡಸರು ಬೀದಿಯಲ್ಲಿ ಹೆಂಡತಿಯ ಕೈ ಹಿಡಿಯುವುದಿಲ್ಲ.

ಕಾಶವ್ವ ಮೆಟ್ಟಿಲ ಹತ್ತಿರ ಹೋಗಿ ನೀಲಗಂಗವ್ವನ ಎದುರು ನಿಂತಳು. "ಬಾಳ ತಡಾ ಮಾಡಿದೀ, ಅಕ್ಕಾ."

"ಹೌದವ್ವಾ. ಬಾಳ ತಡಾ ಮಾಡಿದೆ" ಅಂದಳು ನೀಲಗಂಗವ್ವ. ಕ್ಷಮಿಸು ಎಂದು ಅವಳು ಕೇಳಲಿಲ್ಲ, ಕ್ಷಮಿಸಿದೆ ಎಂದು ಇವಳೂ ಹೇಳಲಿಲ್ಲ. ಗಂಡಹೆಂಡಿರು ಜೊತೆಯಾಗಿ ನಡೆದು ಹೋದರು. ಅಂದು ಸಂಜೆಯ ತನಕ ಊರಿಗೆ ಊರೇ ಸರದಿಯಲ್ಲಿ ನಿಂತು ಆ ಚುಕ್ಕಿಗೆ ಕಿವಿ ಹಚ್ಚಿತು. ಮರುದಿನ ಒಂದಿಬ್ಬರು ತಮ್ಮ ಮಕ್ಕಳನ್ನು ಬಾವಿಗೆ ಕಳಿಸಲಿಲ್ಲ, ಮೂರನೆಯ ದಿನ ಅವರೂ ಕಳಿಸಿದರು.

ಆ ಕಲೆ, ಆ ಗೀರು ಈಗಲೂ ಇದೆ. ಸುಣ್ಣ ಹೊಡೆಯಲೇ ಎಂದು ಮುರಿಗೆಪ್ಪನವರು ಎರಡು ಸಲ ಕೇಳಿದರು, ಬೇಡ ಎಂದೆ. ಹೊರಗಿನವರು ಬಂದು ಇದು ಯಾವ ಪೇಂಟರಿನ ಕೆಲಸ ಎಂದು ಮೂಗು ಮುರಿದರೆ, ಇದು ನನ್ನದು ಎಂದು ಹೇಳಿಕೊಳ್ಳುತ್ತೇನೆ. ಗೀರಿಲ್ಲದ ಇಪ್ಪತ್ತೆರಡು ಸಾಲುಗಳನ್ನು ನಾನೀಗ ಅಷ್ಟಾಗಿ ತೋರಿಸುವುದಿಲ್ಲ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗೋಡೆಯ ಧೂಳು ಒರೆಸುತ್ತಿದ್ದೆ. ಕಾಶವ್ವ ತನ್ನ ಮಗಳ ಮಗಳನ್ನು ಕೈ ಹಿಡಿದು ಕರೆತಂದಳು. ಹುಡುಗಿಗೆ ಐದು ವರ್ಷ ಇರಬೇಕು, ಬೆನ್ನಿಗೆ ಬೆಂಡು ಕಟ್ಟಿತ್ತು, ಮುಖದಲ್ಲಿ ನಾನು ಒಂದು ಕಾಲಕ್ಕೆ ಪಟ್ಟ ಭಯವೇ ಇತ್ತು. ರಾಚಪ್ಪ ಮೇಲೆ, ಕಟ್ಟೆಯ ಮೇಲೆಯೇ ನಿಂತ. ನೀರಿನ ಅಂಚಿನಲ್ಲಿದ್ದ ನೀಲಗಂಗವ್ವ ಅವರನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಮಗುವಿನ ಬಳಿ ಕುಕ್ಕರಿಸಿ, ಎಲ್ಲ ಮಕ್ಕಳನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದಳು, ದನಿ ಮಾತ್ರ ಅಷ್ಟು ಗಟ್ಟಿ ಇರಲಿಲ್ಲ. "ಬೆಂಡು ಯಾರು ಕಟ್ಟಿದ್ದು?"

ಕಾಶವ್ವ ಬಾಯಿ ತೆರೆದಳು. ಅವಳಿಗಿಂತ ಮೊದಲು ಮೇಲಿನಿಂದ ರಾಚಪ್ಪನ ದನಿ ಬಂತು, ಬಾವಿಯ ನಾಲ್ಕೂ ಗೋಡೆಗೆ ಬಡಿದು ತಿರುಗುವಷ್ಟು ಜೋರಾಗಿ.

"ನಮ್ಮ ಕಾಶವ್ವ ಕಟ್ಟ್ಯಾಳ!"

ನೀಲಗಂಗವ್ವ ಗಂಟನ್ನು ಮೂರು ಸಲ ಜಗ್ಗಿ ನೋಡಿದಳು. ಕಾಶವ್ವ ಬಗ್ಗಿ, ನಾಲ್ಕನೆಯ ಸಲ ತಾನೂ ಜಗ್ಗಿ ನೋಡಿದಳು. ನೀಲಗಂಗವ್ವ ಗಂಟನ್ನು ಬಿಚ್ಚಲಿಲ್ಲ, ಹಾಗೇ ಮಗುವನ್ನು ಎತ್ತಿ ನೀರಿಗಿಳಿಸಿದಳು.